ಕಛೇರಿಯಲ್ಲಿ ಕ್ಯಾಮೆರಾ ಹಿಡಿಯುವವರಿಗೆ

ಬೆಂಗಳೂರಿನ ಚಾಮರಾಜಪೇಟೆಯ ರಾಮನವಮಿ ಸಂಗೀತೋತ್ಸವದಂತಹ ಕಛೇರಿಗಳಲ್ಲಿ ಚಿತ್ರ ತೆಗೆಯುವ ಅಭಿಮಾನಿಗಳು, ಬೆಳಕು ಸಾಲದೆಂದು ಫ್ಲ್ಯಾಶ್ ಬಳಸುವ ತಪ್ಪನ್ನು ಮಾಡಬಾರದು; ಅದರ ಬೆಳಕು ದೂರ ಹೋದಂತೆಲ್ಲ ಬೇಗನೆ ಕ್ಷೀಣಿಸುವುದಲ್ಲದೆ, ರಾಗದಲ್ಲಿ ತಲ್ಲೀನರಾದ ಕಲಾವಿದರ ಕಣ್ಣನ್ನೂ ಕುಕ್ಕುತ್ತದೆ. ಬದಲಿಗೆ, ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯಾದ ಅಪರ್ಚರನ್ನು ಎಫ್/2.8ರಷ್ಟು ಅಗಲವಾಗಿ ತೆರೆದು, ಬೆಳಕಿನ ಸಂವೇದನೆಯ ಅಳತೆಯಾದ ಐಎಸ್‌ಒ ಅನ್ನು 1600 ಅಥವಾ 3200ಕ್ಕೆ ಏರಿಸಿ, ಶಟರ್ ವೇಗವನ್ನು ಗಾಯಕರಿಗೆ ಸೆಕೆಂಡಿನ 1/125ರಷ್ಟು, ಮೃದಂಗದ ಮೇಲಿನ ಬೆರಳುಗಳಿಗೆ 1/500ರಷ್ಟು ಇಟ್ಟುಕೊಳ್ಳುವುದು ಲೇಸು. ತಾಳದ ಕಟ್ಟಿಲ್ಲದೆ ರಾಗವನ್ನು ಬಿಡಿಸುವ ಆಲಾಪನೆಯಲ್ಲಿ ಶಟರಿನ ಸದ್ದೂ ಕೇಳುಗರಿಗೆ ಕಿರಿಕಿರಿಯಾಗುವುದರಿಂದ, ಲಯವಾದ್ಯಗಳು ಮಾತ್ರ ನುಡಿಯುವ ತನಿ ಆವರ್ತನದವರೆಗೆ ಕಾಯಬೇಕು. ಸಂಘಟಕರ ಅನುಮತಿ ಪಡೆದು, ಹಿಂದೆ ಕುಳಿತವರಿಗೆ ಅಡ್ಡವಾಗದಂತೆ ಬದಿಯಲ್ಲಿ ನಿಲ್ಲಬೇಕು. ಮೊದಲು ಕಿವಿಗೊಟ್ಟು ಕೇಳಿದವರಿಗೇ ಕಲಾವಿದರ ಮುಖದಲ್ಲಿ ಭಾವ ಅರಳುವ ಹೊತ್ತು ಮುಂಚಿತವಾಗಿ ತಿಳಿಯುತ್ತದೆ.