ತೂಕ ಹೆಚ್ಚಿರುವ ಗರ್ಭಿಣಿಗೆ ಜ್ವರ ಬಂದರೆ ತಡ ಬೇಡ

2009ರ ಎಚ್1ಎನ್1 ಫ್ಲೂ ಹಾವಳಿಯಲ್ಲಿ ಗರ್ಭಿಣಿಯರೂ ಬೊಜ್ಜು ಇದ್ದವರೂ ಉಳಿದವರಿಗಿಂತ ಹೆಚ್ಚು ನರಳಿದರು. ಕೋವಿಡ್‌ನಲ್ಲೂ ಅದೇ ಆಯಿತು. ಬಸುರು, ಬೊಜ್ಜು ಎರಡೂ ಒಬ್ಬರಲ್ಲೇ ಸೇರಿದರೆ ಅಪಾಯ ಇನ್ನೂ ಹೆಚ್ಚು. ಬೆಳೆಯುವ ಗರ್ಭಕೋಶ ವಪೆಯನ್ನು (ಎದೆ, ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಮೇಲಕ್ಕೆ ಒತ್ತುತ್ತದೆ. ಎದೆ, ಹೊಟ್ಟೆಯ ಕೊಬ್ಬು ಶ್ವಾಸಕೋಶ ಪೂರ್ತಿ ಹಿಗ್ಗಲು ಬಿಡುವುದಿಲ್ಲ. ಅತಿಯಾದ ಕೊಬ್ಬಿನಿಂದ ಮೈಯಲ್ಲಿ ಸದಾ ಸಣ್ಣ ಮಟ್ಟದ ಉರಿಯೂತ ಇರುವುದರಿಂದ ವೈರಸ್ ಎದುರಿಸುವ ಶಕ್ತಿಯೂ ಕುಂದುತ್ತದೆ.

ಹಾಗೆಂದು ಬಸುರಿನಲ್ಲಿ ತೂಕ ಇಳಿಸಲು ಹೊರಡಬಾರದು. ಬದಲಿಗೆ ಹೀಗೆ ಮಾಡಿ:

1. ಬಿಎಂಐ ತಿಳಿದುಕೊಳ್ಳಿ: ಬಸುರಿಗೆ ಮುಂಚಿನ ತೂಕವನ್ನು (ಕೆ.ಜಿ.) ಎತ್ತರದ (ಮೀಟರ್) ವರ್ಗದಿಂದ ಭಾಗಿಸಿ. 1.55 ಮೀಟರ್ ಎತ್ತರ, 75 ಕೆ.ಜಿ. ತೂಕ ಇದ್ದರೆ ಬಿಎಂಐ 31. ಭಾರತೀಯರಲ್ಲಿ 25 ಮುಟ್ಟಿದರೇ ಬೊಜ್ಜು ಎಂದು ಪರಿಗಣಿಸುತ್ತಾರೆ. ಮೊದಲ ತಪಾಸಣೆಯಲ್ಲೇ ಇದನ್ನು ತಾಯಿ ಕಾರ್ಡ್‌ನಲ್ಲಿ ಬರೆಸಿ.

2. ಫ್ಲೂ ಲಸಿಕೆ ಕೇಳಿ: ಚುಚ್ಚುಮದ್ದಿನ ಫ್ಲೂ ಲಸಿಕೆ ಗರ್ಭಿಣಿಯರಿಗೆ ಸುರಕ್ಷಿತ. ಯಾವ ತಿಂಗಳಲ್ಲಿ ಹಾಕಿಸಬೇಕೆಂದು ವೈದ್ಯರನ್ನು ಕೇಳಿ. ಮೂಗಿಗೆ ಸಿಂಪಡಿಸುವ ಲಸಿಕೆ ಬೇಡ.

3. ಸಕ್ಕರೆ, ಬಿಪಿ ನೋಡಿಸಿ: ಬೊಜ್ಜಿನ ಜೊತೆ ಇವೂ ಏರಿದರೆ ಸೋಂಕು ಬಿಗಡಾಯಿಸುತ್ತದೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ಉಚಿತ.

4. ಇಬ್ಬರ ಊಟ ಬೇಡ: ಬಿಎಂಐ 30 ದಾಟಿದವರಿಗೆ ಒಂಬತ್ತು ತಿಂಗಳಲ್ಲಿ 5ರಿಂದ 9 ಕೆ.ಜಿ. ಹೆಚ್ಚಿದರೆ ಸಾಕು. ಅನ್ನ ಕಡಿಮೆ ಮಾಡಿ. ಕಾಳು, ಸೊಪ್ಪು, ಮೊಟ್ಟೆ, ಮಜ್ಜಿಗೆ ಇರಲಿ. ವೈದ್ಯರು ಒಪ್ಪಿದರೆ ದಿನಾ ಅರ್ಧ ಗಂಟೆ ನಡೆಯಿರಿ.

5. ಸೀಮಂತದಲ್ಲಿ ಎಚ್ಚರ: ಉಡಿ ತುಂಬುವಾಗ ಎಲ್ಲರೂ ಮುಖದ ಹತ್ತಿರ ಬಗ್ಗುತ್ತಾರೆ. ಕೆಮ್ಮು, ನೆಗಡಿ ಇರುವ ನೆಂಟರು ದೂರದಿಂದಲೇ ಹರಸಲಿ.

6. ಜ್ವರ ಬಂದ ದಿನವೇ ವೈದ್ಯರನ್ನು ಕಾಣಿ: ಫ್ಲೂ ಔಷಧ ಒಸೆಲ್ಟಾಮಿವಿರ್ ಹೆಚ್ಚು ಫಲ ಕೊಡುವುದು ಮೊದಲ 48 ಗಂಟೆಯೊಳಗೆ ಶುರು ಮಾಡಿದರೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ವೈದ್ಯರು ಹೇಳದೆ ಐಬುಪ್ರೊಫೆನ್ ನುಂಗಬೇಡಿ.

7. ಉಸಿರಾಟ ಗಮನಿಸಿ: ‘ಬಸುರಿ ಅಂದ್ಮೇಲೆ ಏದುಸಿರು ಇದ್ದದ್ದೇ’ ಎಂದು ಸುಮ್ಮನಾಗುವುದೇ ದೊಡ್ಡ ಅಪಾಯ. ಕೂತಲ್ಲೇ ಏದುಸಿರು ಬಂದರೆ, ಮಾತು ತುಂಡಾದರೆ, ಎದೆ ನೋವು ಕಾಣಿಸಿದರೆ, ಮಗುವಿನ ಚಲನೆ ಕುಗ್ಗಿದರೆ ಅಥವಾ ಆಕ್ಸಿಮೀಟರ್ 95ಕ್ಕಿಂತ ಕೆಳಗೆ ತೋರಿಸಿದರೆ ತಕ್ಷಣ 108ಕ್ಕೆ ಕರೆ ಮಾಡಿ. ಉಗುರಿಗೆ ಬಣ್ಣ ಹಚ್ಚಿದ್ದರೆ ಅಳತೆ ತಪ್ಪಬಹುದು, ಮೊದಲು ಅದನ್ನು ಒರೆಸಿ. ಹೊರಡುವಾಗ ತಾಯಿ ಕಾರ್ಡ್ ಮರೆಯಬೇಡಿ.