ಸಾಕುನಾಯಿ ಮತ್ತು ಒಡೆಯನ ಕಾನೂನು ಹೊಣೆ

(6ರಿಂದ 8ನೆಯ ತರಗತಿಗಳಿಗೆ; ಎರಡು ಅವಧಿಗಳು)

ಉದ್ದೇಶ

ಸಾರ್ವಜನಿಕ ಸ್ಥಳದಲ್ಲಿ ನಾಯಿಯನ್ನು ನಡೆಸುವವನ ಮೇಲೆ ಕಾನೂನು ಹೊರಿಸಿರುವ ಕರ್ತವ್ಯಗಳನ್ನು ವಿದ್ಯಾರ್ಥಿಗಳು ಅರಿಯುವುದು. ನಾಯಿಯ ಕುರಿತೂ ಒಡೆಯನಿಗೆ ಕರ್ತವ್ಯವಿದೆ ಎಂಬುದನ್ನು ತಿಳಿಯುವುದು. ನಾಯಿ ಕಚ್ಚಿದರೆ ಮುಚ್ಚಿಡದೆ ಕೂಡಲೇ ಹಿರಿಯರಿಗೆ ತಿಳಿಸುವ ರೂಢಿಯನ್ನು ಬೆಳೆಸಿಕೊಳ್ಳುವುದು. ಈ ಮೂರರಲ್ಲಿ ಕೊನೆಯದೇ ಮುಖ್ಯವಾದುದು.

ಪೀಠಿಕೆ

ಕುಂದಾ ತಾಲ್ಲೂಕಿನ ಮಂಜೂರು ಮತ್ತು ಸುತ್ತಲಿನ ಊರುಗಳಲ್ಲಿ ಚಹಾ ತೋಟಗಳ ನಡುವೆ ಸಾಗುವ ಕಾಲುಹಾದಿಗಳು ಕಿರಿದಾದವು. ಒಂದು ಮಗ್ಗುಲಲ್ಲಿ ದಿಣ್ಣೆ, ಮತ್ತೊಂದರಲ್ಲಿ ಇಳಿಜಾರು. ಮಂಜು ಕವಿದ ಬೆಳಗಿನಲ್ಲಿ ಹತ್ತು ಹೆಜ್ಜೆ ಮುಂದಿರುವುದು ಕಾಣಿಸದು. ಇಂತಹ ದಾರಿಯಲ್ಲಿ ಬಿಡುಬೀಸಾಗಿ ಬರುವ ನಾಯಿಗೆ ಎದುರಾದ ಮಗುವಿಗೆ ಸರಿದು ನಿಲ್ಲಲು ಎಡೆಯಿರುವುದಿಲ್ಲ. ಹಿಂದಿನಿಂದ ಬರುವ ಒಡೆಯನು, “ಹೆದರಬೇಡ, ನಮ್ಮ ನಾಯಿ ಏನೂ ಮಾಡುವುದಿಲ್ಲ” ಎನ್ನುತ್ತಾನೆ.

ಶಿಕ್ಷಕರು ಈ ಮಾತಿನಿಂದಲೇ ಪಾಠವನ್ನು ಆರಂಭಿಸಬಹುದು. “ಬೊಗಳುವ ನಾಯಿ ಕಚ್ಚುವುದಿಲ್ಲ” ಎಂಬ ಗಾದೆಯನ್ನು ಕಪ್ಪುಹಲಗೆಯ ಮೇಲೆ ಬರೆದು, ಇದು ನಾಯಿಗಳನ್ನು ಕುರಿತ ಮಾತೋ ಮನುಷ್ಯರನ್ನು ಕುರಿತ ಮಾತೋ ಎಂದು ಕೇಳಬೇಕು. ಬಾಯಿಮಾತಿನ ಶೂರರನ್ನು ಕುರಿತು ಹುಟ್ಟಿದ ಈ ಗಾದೆಯನ್ನು ನಂಬಿ ನಿಜವಾದ ನಾಯಿಯ ಹತ್ತಿರ ಹೋಗಲಾಗದು ಎಂಬುದನ್ನು ಮಕ್ಕಳು ತಾವಾಗಿಯೇ ಹೇಳುವರು.

ವಿಷಯ ನಿರೂಪಣೆ

1. ಜನರ ಸುರಕ್ಷತೆ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮು ಇಲ್ಲಿ ಆಧಾರ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಪ್ರಾಣಕ್ಕೆ ಅಪಾಯವಾಗಲಿ ತೀವ್ರ ಗಾಯವಾಗಲಿ ಒದಗುವ ಸಂಭವವಿದ್ದಾಗ, ಅದನ್ನು ತಡೆಯಲು ಸಾಕಾಗುವಷ್ಟು ಎಚ್ಚರಿಕೆಯನ್ನು ತಿಳಿದೂ ಅಥವಾ ಅಲಕ್ಷ್ಯದಿಂದ ವಹಿಸದಿರುವವನಿಗೆ 6 ತಿಂಗಳವರೆಗಿನ ಕಾರಾವಾಸ, ಇಲ್ಲವೆ 5,000 ರೂಪಾಯಿಗಳವರೆಗಿನ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ಹಳೆಯ ದಂಡ ಸಂಹಿತೆಯ 289ನೆಯ ಕಲಮಿನಲ್ಲಿ ದಂಡದ ಮಿತಿ 1,000 ರೂಪಾಯಿಗಳಾಗಿತ್ತು.

ಇದರಲ್ಲಿ ಎರಡು ಪದಗಳನ್ನು ವಿವರಿಸಬೇಕು. ಒಂದು, ‘ವಶ’. ನಾಯಿಯನ್ನು ಹಣ ಕೊಟ್ಟು ತಂದವನಷ್ಟೇ ಅಲ್ಲದೆ, ಆ ಹೊತ್ತಿಗೆ ಅದನ್ನು ತನ್ನ ಹತೋಟಿಯಲ್ಲಿ ಇರಿಸಿಕೊಂಡವನೂ ಹೊಣೆಗಾರನಾಗಬಹುದು. ಎರಡು, ‘ಸಂಭವ’. ಕಲಮು ಅನ್ವಯಿಸಲು ನಾಯಿ ಕಚ್ಚಿರಲೇಬೇಕೆಂದಿಲ್ಲ. ಅಪಾಯದ ಸಂಭವವಿದ್ದೂ ಎಚ್ಚರ ತಪ್ಪಿದರೆ ಅದೇ ದೋಷ. ಆದುದರಿಂದ ದಾರಿಯಲ್ಲಿ ನಾಯಿಯ ಕೊರಳಪಟ್ಟಿಗೆ ಗಟ್ಟಿಯಾದ ಹಗ್ಗ ಅಥವಾ ಸರಪಳಿಯಿರಬೇಕು. ಅದನ್ನು ಹಿಡಿಯುವವರು ನಾಯಿಯನ್ನು ತಡೆದು ನಿಲ್ಲಿಸಬಲ್ಲವರಾಗಿರಬೇಕು. ದೊಡ್ಡ ನಾಯಿಯನ್ನು ಹತ್ತು ವರ್ಷದ ಹುಡುಗನ ಕೈಗೆ ಕೊಟ್ಟು ಕಳುಹಿಸಿದ ಹಿರಿಯರು ಸಾಕಾಗುವಷ್ಟು ಎಚ್ಚರ ವಹಿಸಿದರೆಂದು ಹೇಳುವುದು ಕಷ್ಟ. ದಾರಿಯಲ್ಲಿ ನಾಯಿ ಮಲವಿಸರ್ಜನೆ ಮಾಡಿದರೆ ಅದನ್ನು ತೆಗೆದು ಶುಚಿಗೊಳಿಸುವುದೂ ನಡೆಸುವವನದೇ ಕೆಲಸ.

2. ನಾಯಿಯ ಹಿತ: ಕಾನೂನು ನಾಯಿಯ ಪಕ್ಷವನ್ನೂ ವಹಿಸುತ್ತದೆ. ಚೆನ್ನೈಯ ಕಲಾಕ್ಷೇತ್ರದ ಸ್ಥಾಪಕಿಯಾದ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ನಡೆಸಿದ ಪ್ರಯತ್ನವು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮಕ್ಕೆ ದಾರಿಯಾಯಿತು. ಅದರ 11ನೆಯ ಕಲಮಿನಂತೆ, ಪ್ರಾಣಿಯನ್ನು ತೀರ ಗಿಡ್ಡವಾದ ಅಥವಾ ತೀರ ಭಾರವಾದ ಸರಪಳಿಯಲ್ಲಿ ಅತಿಯಾದ ಹೊತ್ತು ಕಟ್ಟಿಹಾಕುವುದು ಕ್ರೌರ್ಯ. ಸಾಕಿದ ಪ್ರಾಣಿಯನ್ನು ತಕ್ಕ ಕಾರಣವಿಲ್ಲದೆ ಹಸಿವು ಬಾಯಾರಿಕೆಗಳಿಗೆ ಗುರಿಮಾಡಿ ತೊರೆದುಬಿಡುವುದೂ ಕ್ರೌರ್ಯ. ಸದಾ ಕಟ್ಟಿಹಾಕಿರುವ ನಾಯಿಗೆ ತಕ್ಕಷ್ಟು ಓಡಾಟ ಕೊಡದಿರುವುದನ್ನೂ ಇದೇ ಕಲಮು ಹೆಸರಿಸಿ ತಪ್ಪೆಂದಿದೆ. ಅಂದರೆ, ನಾಯಿಯನ್ನು ಹೊರಗೆ ಅಡ್ಡಾಡಿಸುವುದು ಒಡೆಯನ ಕರ್ತವ್ಯ. ಹಾಗೆ ಅಡ್ಡಾಡಿಸುವಾಗ ಅದನ್ನು ಹತೋಟಿಯಲ್ಲಿಡುವುದೂ ಅವನ ಕರ್ತವ್ಯ. ಒಂದನ್ನು ನೆಪಮಾಡಿ ಮತ್ತೊಂದನ್ನು ಬಿಡುವಂತಿಲ್ಲ.

2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸಾಕುನಾಯಿಗೆ ಜಂತುಹುಳುವಿನ ಔಷಧಿ ಮತ್ತು ಲಸಿಕೆ ಕೊಡಿಸುವ ಹೊಣೆಯನ್ನು ಒಡೆಯನ ಮೇಲೆಯೇ ಇರಿಸಿವೆ. ಲಸಿಕೆಯ ಚೀಟಿಯನ್ನು ಮನೆಯಲ್ಲಿ ಜೋಪಾನವಾಗಿಡಬೇಕು.

3. ಕಾಡಿನಂಚಿನ ಎಚ್ಚರ: ನೀಲಗಿರಿಯಲ್ಲಿ ಊರಿನ ಬೇಲಿ ಮುಗಿಯುವಲ್ಲಿ ಕಾಡು ತೊಡಗುತ್ತದೆ. ರಾತ್ರಿ ಹೊರಗೆ ಅಲೆಯುವ ನಾಯಿ ಚಿರತೆಗೆ ಸುಲಭದ ಬೇಟೆ. ಅದನ್ನು ಅರಸಿ ಚಿರತೆ ಮನೆಯಂಗಳಕ್ಕೆ ಬರುತ್ತದೆ. ನಾಯಿಯಿಂದ ಕಾಡಿಗೂ ಕೇಡುಂಟು. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಸಿಂಹಗಳು ಸತ್ತಾಗ, ನಾಯಿಗಳಲ್ಲಿ ಕಂಡುಬರುವ ಡಿಸ್ಟೆಂಪರ್ ರೋಗದ ವೈರಾಣು ಅವುಗಳಲ್ಲಿ ಪತ್ತೆಯಾಯಿತು. ತಮಿಳುನಾಡಿನ ರಾಜ್ಯಪ್ರಾಣಿಯಾದ ವರಯಾಡು ವಾಸಿಸುವ ಮುಕುರ್ತಿ ರಾಷ್ಟ್ರೀಯ ಉದ್ಯಾನವು ನಮ್ಮ ನೆರೆಯಲ್ಲಿದೆ. ಕಾಡುಪ್ರಾಣಿಗಳ ಮೇಲೆ ನಾಯಿಯನ್ನು ಛೂಬಿಟ್ಟು ಅಟ್ಟಿಸುವುದು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಅರ್ಥದಲ್ಲಿ ಬೇಟೆಯೆನಿಸಬಹುದು.

4. ಕಚ್ಚಿದಾಗ: ರೇಬೀಸ್, ಅಂದರೆ ಹುಚ್ಚುನಾಯಿ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುವುದು ಅತಿ ವಿರಳ, ಆದರೆ ಸಕಾಲದಲ್ಲಿ ಸರಿಯಾದ ಚಿಕಿತ್ಸೆ ದೊರೆತರೆ ರೋಗವನ್ನು ತಡೆಯಬಹುದು. ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯಬೇಕು. ಸುಣ್ಣ, ಅರಿಸಿನ, ಕಾರದಪುಡಿ ಮೊದಲಾದುವನ್ನು ಹಚ್ಚಬಾರದು. ಅಂದೇ ಆಸ್ಪತ್ರೆಗೆ ಹೋಗಿ ವೈದ್ಯರು ಹೇಳಿದ ಎಲ್ಲ ದಿನಗಳಲ್ಲಿಯೂ ಲಸಿಕೆ ಹಾಕಿಸಿಕೊಳ್ಳಬೇಕು. ಪರಚು ಗಾಯವನ್ನೂ ಕಡೆಗಣಿಸಬಾರದು.

ನಮ್ಮ ಜಿಲ್ಲೆಯ ಕೂನೂರಿನಲ್ಲಿರುವ ಪಾಶ್ಚರ್ ಸಂಸ್ಥೆಯು ಈ ರೋಗದ ಚಿಕಿತ್ಸೆಗಾಗಿಯೇ 1907ರಲ್ಲಿ ಆರಂಭವಾಯಿತು. ಭಾರತದ ಮೊದಲ ಪಾಶ್ಚರ್ ಸಂಸ್ಥೆ 1900ರಲ್ಲಿ ದೂರದ ಹಿಮಾಲಯದ ಕಸೌಲಿಯಲ್ಲಿ ಸ್ಥಾಪನೆಯಾಗಿತ್ತು; ದಕ್ಷಿಣದವರು ಅಲ್ಲಿಗೆ ಹೋಗುವಷ್ಟರಲ್ಲಿ ಅಮೂಲ್ಯವಾದ ದಿನಗಳು ಕಳೆದುಹೋಗುತ್ತಿದ್ದವು. ಇಂದು ದೂರದ ತೊಡಕು ತಗ್ಗಿದೆ. ಆದರೆ ಮಗು ಬಾಯಿ ಬಿಡದಿದ್ದರೆ ಹತ್ತಿರದ ಆಸ್ಪತ್ರೆಯೂ ಉಪಯೋಗಕ್ಕೆ ಬಾರದು.

ತರಗತಿ ಚಟುವಟಿಕೆ

ವಿದ್ಯಾರ್ಥಿಗಳನ್ನು ಮೂರು ಗುಂಪುಗಳಾಗಿಸಿ ಒಂದೊಂದು ಸಂದರ್ಭವನ್ನು ಕೊಡಿರಿ.

ಅ) ಪಕ್ಕದ ಮನೆಯ ಅಣ್ಣನ ನಾಯಿ ಕಾಲನ್ನು ಪರಚಿದೆ. “ಅದಕ್ಕೆ ಲಸಿಕೆಯಾಗಿದೆ, ಮನೆಯಲ್ಲಿ ಹೇಳಬೇಡ” ಎಂದು ಅವನು ಹೇಳುತ್ತಾನೆ.
ಆ) ಕಚ್ಚಬಹುದೆಂಬ ಭಯದಿಂದ ಒಬ್ಬರು ತಮ್ಮ ನಾಯಿಯನ್ನು ಹಗಲಿರುಳೂ ಗಿಡ್ಡ ಸರಪಳಿಯಲ್ಲಿ ಕಟ್ಟಿದ್ದಾರೆ.
ಇ) ಒಡೆಯನು ಊರಿಗೆ ಹೋಗುವಾಗ ನಾಯಿಯನ್ನು ಗೆಳೆಯನಿಗೆ ಒಪ್ಪಿಸಿದ್ದಾನೆ, ಗೆಳೆಯನು ಅದನ್ನು ಹಗ್ಗವಿಲ್ಲದೆ ಸಂತೆಗೆ ಕರೆತಂದಿದ್ದಾನೆ.

ಪ್ರತಿ ಗುಂಪೂ ಮೂರು ಪ್ರಶ್ನೆಗಳಿಗೆ ಉತ್ತರಿಸಬೇಕು: ಇಲ್ಲಿ ಹೊಣೆ ಯಾರದು? ಯಾವ ಎಚ್ಚರ ತಪ್ಪಿದೆ? ಈಗ ಮಾಡಬೇಕಾದುದೇನು? ಮೊದಲನೆಯ ಸಂದರ್ಭದಲ್ಲಿ, ಲಸಿಕೆ ಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವವರು ವೈದ್ಯರು. ಒಡೆಯನಾಗಲಿ ಮಗುವಾಗಲಿ ಅಲ್ಲ ಎಂಬುದು ಸ್ಪಷ್ಟವಾಗಬೇಕು.

ಮೌಲ್ಯಮಾಪನ

1. ‘ವಶದಲ್ಲಿರುವ ಪ್ರಾಣಿ’ ಎಂಬುದರ ಅರ್ಥವನ್ನು ಉದಾಹರಣೆಯೊಡನೆ ವಿವರಿಸಿ.
2. ನಾಯಿಯನ್ನು ಅಡ್ಡಾಡಿಸುವುದು ಏಕೆ ಕರ್ತವ್ಯವೆನಿಸುತ್ತದೆ?
3. ನಾಯಿ ಕಚ್ಚಿದ ಕೂಡಲೇ ಮಾಡಬೇಕಾದ ಕೆಲಸಗಳನ್ನು ಕ್ರಮವಾಗಿ ಬರೆಯಿರಿ.

ಶಿಕ್ಷಕರ ಗಮನಕ್ಕೆ

ಪಾಠದ ನಡುವೆ ಮಕ್ಕಳು ತಮ್ಮ ಊರಿನ ಯಾರದಾದರೂ ನಾಯಿಯನ್ನು ಹೆಸರಿಸಬಹುದು. ಚರ್ಚೆಯು ನೆರೆಯವರ ಮೇಲಿನ ದೂರಾಗಿ ತಿರುಗದಂತೆ ನೋಡಿಕೊಳ್ಳಬೇಕು. ಬೈಗುಳದ ಭಯದಿಂದಲೋ, ತಾನೇ ನಾಯಿಯನ್ನು ಕೆಣಕಿದೆನೆಂಬ ಅಳುಕಿನಿಂದಲೋ, ಎರಡು ಮನೆಗಳ ನಡುವೆ ಜಗಳವಾದೀತೆಂದೋ ಮಕ್ಕಳು ಕಡಿತವನ್ನು ಮುಚ್ಚಿಡುವುದುಂಟು. ಪಾಠ ಮುಗಿದ ಬಳಿಕ ಯಾವುದಾದರೂ ಮಗು ಹತ್ತಿರ ಬಂದು ಕಾಲುಚೀಲ ಜಾರಿಸಿ ಗಾಯ ತೋರಿಸಿದರೆ, “ಏಕೆ ಹತ್ತಿರ ಹೋದೆ?” ಎಂದು ಕೇಳಬಾರದು. “ಹೇಳಿದ್ದು ಒಳ್ಳೆಯದಾಯಿತು” ಎಂದು ಹೇಳಿ ಗಾಯವನ್ನು ತೊಳೆಯಿಸಿ, ಪೋಷಕರನ್ನು ಕರೆಸಿ, ಅಂದೇ ಆಸ್ಪತ್ರೆಗೆ ಕಳುಹಿಸಬೇಕು.