ಹಿಂಬದಿಯ ಕಾವಲುಗಾರ

ಕಾಲ್ಚೆಂಡಾಟವನ್ನು ನೋಡುವವರ ಕಣ್ಣು ಸಾಮಾನ್ಯವಾಗಿ ಚೆಂಡಿನ ಬೆನ್ನು ಹತ್ತಿ ಓಡುತ್ತದೆ. ಎದುರಾಳಿಗಳ ನಡುವೆ ನುಸುಳಿ ಗೋಲು ಹೊಡೆದವನಿಗೆ ಚಪ್ಪಾಳೆ, ಹೂಮಾಲೆ. ಮರುದಿನ ಪತ್ರಿಕೆಗಳಲ್ಲಿ ಅವನದೇ ಚಿತ್ರ. ಆದರೆ ಹೊಲದ ಫಸಲನ್ನು ಹೊಗಳುವವರು ಬೇಲಿಯನ್ನು ನೆನೆಯುವುದುಂಟೆ? ಹಾಗೆಯೇ ಗೋಲಿನ ಮುಂದೆ ನಿಂತು, ಬರುವ ಚೆಂಡನ್ನು ತಲೆಯಿಂದಲೋ ಕಾಲಿನಿಂದಲೋ ಮೈಯೊಡ್ಡಿಯೋ ತಡೆಯುವ ರಕ್ಷಣಾ ಆಟಗಾರನ ದುಡಿಮೆ ಎದ್ದು ಕಾಣುವುದಿಲ್ಲ. ನೂರು ಬಾರಿ ಕಾಪಾಡಿದರೆ ಅದು ಅವನ ಕರ್ತವ್ಯ. ಒಮ್ಮೆ ತಪ್ಪಿದರೆ ಅದು ಅವನ ಅಪರಾಧ. ಇಂಥ ಕಷ್ಟದ ಸ್ಥಾನದಲ್ಲಿ ನಿಂತು, ಮುನ್ನೂರಕ್ಕೂ ಹೆಚ್ಚು ಪಂದ್ಯಗಳನ್ನು ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಆಡಿದವರು ಐಸ್‌ಲೆಂಡಿನ ಹೆರ್ಮನ್ ಹ್ರೇಯ್ದರ್ಸನ್.

ಐಸ್‌ಲೆಂಡ್ ಉತ್ತರ ಅಟ್ಲಾಂಟಿಕ್ ಸಾಗರದ ನಡುವಣ ದ್ವೀಪರಾಷ್ಟ್ರ. ಒಂದೆಡೆ ಹಿಮನದಿಗಳು, ಇನ್ನೊಂದೆಡೆ ಜ್ವಾಲಾಮುಖಿಗಳು. ಇಂದಿಗೂ ಅಲ್ಲಿನ ಜನಸಂಖ್ಯೆ ನಾಲ್ಕು ಲಕ್ಷದ ಆಸುಪಾಸಿನಲ್ಲಿದೆ. ನಮ್ಮ ನಾಡಿನ ಒಂದು ನಗರದಷ್ಟು ಜನ ಸೇರಿ ಒಂದು ದೇಶವಾಗಿದ್ದಾರೆ. ಅಲ್ಲಿನವರಲ್ಲಿ ಬಹುಪಾಲು ಜನರಿಗೆ ಮನೆತನದ ಹೆಸರೆಂಬುದಿಲ್ಲ. ತಂದೆಯ ಹೆಸರೇ ಮಕ್ಕಳ ಹೆಸರಿನ ಜೊತೆಗೂಡುತ್ತದೆ. 'ಹ್ರೇಯ್ದರ್ಸನ್' ಎಂದರೆ ಹ್ರೇಯ್ದರನ ಮಗ ಎಂದಷ್ಟೇ ಅರ್ಥ. ಆದ್ದರಿಂದ ಆ ದೇಶದಲ್ಲಿ ಎಂಥ ದೊಡ್ಡವರನ್ನಾದರೂ ಅವರ ಸ್ವಂತ ಹೆಸರಿನಿಂದಲೇ ಕರೆಯುವುದು ವಾಡಿಕೆ.

ಐಸ್‌ಲೆಂಡಿನ ದಕ್ಷಿಣ ತೀರದಾಚೆ ಹೇಮಾಯ್ ಎಂಬ ಪುಟ್ಟ ದ್ವೀಪವಿದೆ. ಮೀನುಗಾರಿಕೆಯೇ ಅಲ್ಲಿಯ ಜನರ ಜೀವಾಳ. 1973ರ ಜನವರಿ 23ರ ನಡುರಾತ್ರಿ ಕಳೆದ ಮೇಲೆ, ಊರಿನ ಅಂಚಿನಲ್ಲಿಯೇ ನೆಲ ಬಿರಿದು ಬೆಂಕಿಯ ಕಾರಂಜಿ ಚಿಮ್ಮಿತು. ಹಿಂದಿನ ದಿನದ ಬಿರುಗಾಳಿಯ ಕಾರಣ ಮೀನುಗಾರರ ದೋಣಿಗಳು ಬಂದರಿನಲ್ಲಿಯೇ ನಿಂತಿದ್ದುದು ಪುಣ್ಯವೆನ್ನಬೇಕು. ಸುಮಾರು 5,300 ಜನರಲ್ಲಿ ಬಹುತೇಕ ಎಲ್ಲರೂ ಬೆಳಗಾಗುವುದರೊಳಗೆ ದೋಣಿಗಳನ್ನೇರಿ ಪಾರಾದರು. ಸುಮಾರು 400 ಮನೆಗಳು ಬೂದಿಯಲ್ಲಿ, ಕರಗಿದ ಕಲ್ಲಿನಲ್ಲಿ ಹೂತುಹೋದವು. ಲಾವಾರಸ ಬಂದರಿನ ಬಾಯನ್ನು ಮುಚ್ಚತೊಡಗಿದಾಗ, ಅದರ ಮೇಲೆ ಸಮುದ್ರದ ತಣ್ಣೀರನ್ನು ತಿಂಗಳುಗಟ್ಟಲೆ ಹಾಯಿಸಿ ಅದನ್ನು ಹೆಪ್ಪುಗಟ್ಟಿಸಲು ಹೋರಾಡಿದರು. ಬಂದರು ಉಳಿಯಿತು. ಜುಲೈ ತಿಂಗಳಿನಲ್ಲಿ ಬೆಂಕಿ ಆರಿತು. ಜನರಲ್ಲಿ ಹೆಚ್ಚಿನವರು ಹಿಂತಿರುಗಿ ಬಂದು, ಬೂದಿಯನ್ನು ಗುಡಿಸಿ, ಮತ್ತೆ ಊರು ಕಟ್ಟಿದರು.

ಇದಾದ ಮರುವರ್ಷ, 1974ರ ಜುಲೈ 11ರಂದು ಹೆರ್ಮನ್ ಜನಿಸಿದರು. ಅವರು ಕಾಲ್ಚೆಂಡಾಟಗಾರರಾಗಿ ಬೆಳೆದದ್ದು ಇದೇ ದ್ವೀಪದ ಐ.ಬಿ.ವಿ. ಎಂಬ ಕ್ಲಬ್ಬಿನಲ್ಲಿ. ಆ ಕಾಲದಲ್ಲಿ ಐಸ್‌ಲೆಂಡಿನ ಹುಡುಗರಿಗೆ ಇಂದಿನಂತೆ ಸೂರುಳ್ಳ ವಿಶಾಲ ಕ್ರೀಡಾಂಗಣಗಳಿರಲಿಲ್ಲ. ಚಳಿಗಾಲವೆಲ್ಲ ಕತ್ತಲೆ ಮತ್ತು ಶೀತಗಾಳಿ. ಅನೇಕ ಮೈದಾನಗಳಲ್ಲಿ ಹುಲ್ಲಿನ ಬದಲು ಗರಸು. ಅಂಥ ನೆಲದಲ್ಲಿ ಜಾರಿಬಿದ್ದರೆ ಮೊಣಕಾಲು ತರಚದೆ ಏಳುವಂತಿರಲಿಲ್ಲ. ಎತ್ತರದ, ಗಟ್ಟಿಮುಟ್ಟಾದ ಮೈಕಟ್ಟಿನ ಹೆರ್ಮನ್ ಎಡಗಾಲಿನ ಆಟಗಾರ. ತಂಡದ ಎಡಬದಿಯ ಕಾವಲು ಅವರ ಪಾಲಿಗೆ ಬಂತು. 1996ರಲ್ಲಿ ರಾಷ್ಟ್ರೀಯ ತಂಡಕ್ಕೆ ಆಯ್ಕೆಯಾದರು. ಮರುವರ್ಷ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಕ್ಲಬ್ಬು ಅವರನ್ನು ಕರೆಸಿಕೊಂಡಿತು. ಹೀಗೆ 23ರ ವಯಸ್ಸಿನಲ್ಲಿ ಅವರು ವೃತ್ತಿಪರ ಆಟದ ದೊಡ್ಡ ಅಂಗಳಕ್ಕೆ ಕಾಲಿಟ್ಟರು.

ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ ನಿಯಮವೊಂದನ್ನು ಇಲ್ಲಿ ತಿಳಿಯಬೇಕು. ಅದರಲ್ಲಿ 20 ತಂಡಗಳು ಆಡುತ್ತವೆ. ಋತುವಿನ ಕೊನೆಗೆ ಪಟ್ಟಿಯ ತಳದಲ್ಲಿರುವ ಮೂರು ತಂಡಗಳು ಕೆಳಗಿನ ದರ್ಜೆಗೆ ಇಳಿಯಬೇಕು. ಇದು ಹಿಂಬಡ್ತಿ. ಅದರಿಂದ ಕ್ಲಬ್ಬಿನ ಆದಾಯ ಕುಸಿಯುತ್ತದೆ, ಒಳ್ಳೆಯ ಆಟಗಾರರು ಬಿಟ್ಟುಹೋಗುತ್ತಾರೆ, ಅಭಿಮಾನಿಗಳು ಕಣ್ಣೀರಿಡುತ್ತಾರೆ. ಹೆರ್ಮನ್ ಸೇರಿದ ಮೊದಲ ಋತುವಿನಲ್ಲಿಯೇ, ಅಂದರೆ 1998ರಲ್ಲಿ, ಕ್ರಿಸ್ಟಲ್ ಪ್ಯಾಲೇಸ್ ಪಟ್ಟಿಯ ತಳ ಸೇರಿ ಹಿಂಬಡ್ತಿ ಪಡೆಯಿತು.

ಆಗ ಹೆರ್ಮನ್ ಮಾಡಿದ್ದೇನು? ಇನ್ನೂ ಕೆಳಗಿಳಿದು, ನಾಲ್ಕನೆಯ ದರ್ಜೆಯಲ್ಲಿದ್ದ ಬ್ರೆಂಟ್‌ಫರ್ಡ್ ಕ್ಲಬ್ಬನ್ನು ಸೇರಿದರು. ಅದಕ್ಕಾಗಿ ಆ ಕ್ಲಬ್ಬು ಏಳೂವರೆ ಲಕ್ಷ ಪೌಂಡುಗಳನ್ನು ತೆತ್ತಿತು. 1999ರಲ್ಲಿ ಬ್ರೆಂಟ್‌ಫರ್ಡ್ ತನ್ನ ದರ್ಜೆಯ ಪ್ರಥಮ ಸ್ಥಾನ ಗಳಿಸಿ ಮೇಲೇರಿತು. ಅದೇ ವರ್ಷ ವಿಂಬಲ್ಡನ್ ಕ್ಲಬ್ಬು 25 ಲಕ್ಷ ಪೌಂಡು ಕೊಟ್ಟು ಅವರನ್ನು ಮತ್ತೆ ಪ್ರೀಮಿಯರ್ ಲೀಗಿಗೆ ಕರೆತಂದಿತು. ಆದರೆ 2000ದಲ್ಲಿ, ಋತುವಿನ ಕೊನೆಯ ದಿನ, ವಿಂಬಲ್ಡನ್ ಕೂಡ ಕೆಳಗಿಳಿಯಿತು. ಬಳಿಕ ಇಪ್ಸ್‌ವಿಚ್ ಕ್ಲಬ್ಬು ಸುಮಾರು 40 ಲಕ್ಷ ಪೌಂಡು ತೆತ್ತು ಅವರನ್ನು ಬರಮಾಡಿಕೊಂಡಿತು. ಆಗತಾನೆ ಮೇಲೇರಿ ಬಂದಿದ್ದ ಆ ತಂಡ 2001ರಲ್ಲಿ ಐದನೆಯ ಸ್ಥಾನ ಪಡೆದು ಎಲ್ಲರನ್ನೂ ಬೆರಗುಗೊಳಿಸಿತು. ಯೂರೋಪಿನ ಪಂದ್ಯಾವಳಿಯಲ್ಲಿ ಇಟಲಿಯ ಬಲಿಷ್ಠ ಇಂಟರ್ ತಂಡವನ್ನು ತನ್ನ ನೆಲದಲ್ಲಿ ಸೋಲಿಸಿತು. ಆದರೂ 2002ರಲ್ಲಿ ಅದಕ್ಕೂ ಹಿಂಬಡ್ತಿ ತಪ್ಪಲಿಲ್ಲ. 2003ರಲ್ಲಿ ಸೇರಿದ ಚಾರ್ಲ್‌ಟನ್ ಮರುವರ್ಷ ಏಳನೆಯ ಸ್ಥಾನಕ್ಕೇರಿ, 2007ರಲ್ಲಿ ಜಾರಿತು. ಕೊನೆಯದಾಗಿ ಪೋರ್ಟ್ಸ್‌ಮತ್ 2010ರಲ್ಲಿ ಕೆಳಗಿಳಿಯಿತು. ಪ್ರೀಮಿಯರ್ ಲೀಗಿನಲ್ಲಿ ಅವರು ಆಡಿದ್ದು ಐದು ಕ್ಲಬ್ಬುಗಳಿಗೆ. ಐದೂ ಅವರ ಕಾಲದಲ್ಲಿಯೇ ಹಿಂಬಡ್ತಿ ಪಡೆದವು.

ಈ ದಾಖಲೆಯನ್ನು ಹಿಡಿದು ಹಾಸ್ಯ ಮಾಡುವುದು ಸುಲಭ. 'ಕಾಲಿಟ್ಟ ಮನೆಗೆಲ್ಲ ಕೇಡು ತಂದವನು' ಎನ್ನಬಹುದು. ಆದರೆ ಲೆಕ್ಕವನ್ನು ತುಸು ಆಳವಾಗಿ ನೋಡಿದರೆ ಬೇರೊಂದು ಸಂಗತಿ ಹೊಳೆಯುತ್ತದೆ. ಒಂದು ತಂಡ ಮುಳುಗಿದಾಗ ಅದರ ಆಟಗಾರರಲ್ಲಿ ಕೆಲವರು ಮಾತ್ರ ಮತ್ತೆ ಮೇಲಿನ ದರ್ಜೆಗೆ ಮರಳುತ್ತಾರೆ. ಹೆರ್ಮನ್ ನಾಲ್ಕು ಬಾರಿ ಮರಳಿದರು. ಸೋಲಿನ ಬೆನ್ನಲ್ಲಿಯೇ ಮತ್ತೊಂದು ಕ್ಲಬ್ಬು, ಹಲವು ಬಾರಿ ಹೆಚ್ಚಿನ ಬೆಲೆ ತೆತ್ತು, ಅವರನ್ನು ಬಯಸಿತು. ತಂಡದ ಸೋಲು ಬೇರೆ, ಆಟಗಾರನ ಯೋಗ್ಯತೆ ಬೇರೆ ಎಂಬುದನ್ನು ಬಲ್ಲವರು ಬಲ್ಲರು. ಬಡ ಕ್ಲಬ್ಬುಗಳಿಗೆ ಗಟ್ಟಿಯಾದ ಕಾವಲುಗಾರ ಬೇಕು; ಬಡ ಕ್ಲಬ್ಬುಗಳೇ ಪಟ್ಟಿಯ ತಳಕ್ಕೆ ಬೀಳುವುದೂ ಹೆಚ್ಚು. ಗೆದ್ದೆತ್ತಿನ ಬಾಲ ಹಿಡಿಯುವ ಭಾಗ್ಯ ಅವರದಾಗಲಿಲ್ಲ. ಸೋಲುವ ಬಂಡಿಯ ನೊಗಕ್ಕೆ ಹೆಗಲು ಕೊಡುವುದು ಅವರ ಪಾಲಿಗೆ ಬಂತು.

ಈ ದುಡಿಮೆಗೆ ಫಲವೇ ಸಿಗಲಿಲ್ಲವೆಂದಲ್ಲ. 2008ರ ಮೇ 17ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಎಫ್.ಎ. ಕಪ್ಪಿನ ಅಂತಿಮ ಪಂದ್ಯ ನಡೆಯಿತು. ಪೋರ್ಟ್ಸ್‌ಮತ್ತಿನ ಎದುರಾಳಿ ಕಾರ್ಡಿಫ್ ಸಿಟಿ. 37ನೆಯ ನಿಮಿಷದಲ್ಲಿ ನೈಜೀರಿಯದ ಕಾನು ಒಂದು ಗೋಲು ಹೊಡೆದರು. ಉಳಿದ ಅವಧಿಯಲ್ಲಿ ಆ ಒಂದು ಗೋಲನ್ನು ಕಾಯುವುದೇ ಹಿಂಬದಿಯವರ ಕೆಲಸವಾಯಿತು. ಎಡಬದಿಯಲ್ಲಿ ಹೆರ್ಮನ್, ಗೋಲಿನಲ್ಲಿ ಡೇವಿಡ್ ಜೇಮ್ಸ್. ಎದುರಾಳಿಗಳಿಗೆ ಗೋಲು ದಕ್ಕಲಿಲ್ಲ. 1939ರ ಬಳಿಕ, 69 ವರ್ಷಗಳ ಮೇಲೆ, ಕಪ್ಪು ಪೋರ್ಟ್ಸ್‌ಮತ್ ಊರಿಗೆ ಬಂತು.

ಎರಡೇ ವರ್ಷಗಳಲ್ಲಿ ಭಾಗ್ಯ ತಿರುಗಿತು. ಸಾಲದ ಹೊರೆಯಿಂದ ಕುಸಿದ ಪೋರ್ಟ್ಸ್‌ಮತ್ತಿನ ಆಡಳಿತ 2010ರ ಫೆಬ್ರವರಿಯಲ್ಲಿ ಕಾನೂನಿನಂತೆ ನೇಮಕಗೊಂಡವರ ಕೈಗೆ ಹೋಯಿತು. ದಂಡವಾಗಿ ಒಂಬತ್ತು ಅಂಕಗಳನ್ನು ಕಳೆಯಲಾಯಿತು. ಮಾರ್ಚಿಯಲ್ಲಿ ಆಟದ ನಡುವೆ ಹೆರ್ಮನ್ನರ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ತಂಡ ಆ ವರ್ಷವೂ ಕಪ್ಪಿನ ಅಂತಿಮ ಪಂದ್ಯಕ್ಕೆ ಬಂದು ಚೆಲ್ಸಿಗೆ ಸೋತಾಗ, ಅವರು ಆಡುವ ಸ್ಥಿತಿಯಲ್ಲಿರಲಿಲ್ಲ. ಆಗ ಅವರಿಗೆ 35 ವರ್ಷ. ಆ ವಯಸ್ಸಿನಲ್ಲಿ ಅಂಥ ಗಾಯವಾದರೆ ಆಟ ಮುಗಿಯಿತೆಂದೇ ಅನೇಕರು ಭಾವಿಸುತ್ತಾರೆ. ಆದರೆ ಅವರು ಚೇತರಿಸಿಕೊಂಡು, ಕೆಳದರ್ಜೆಗೆ ಇಳಿದಿದ್ದ ಅದೇ ಪೋರ್ಟ್ಸ್‌ಮತ್ತಿಗಾಗಿ ಮತ್ತೆ ಆಡಿದರು. 2011ರವರೆಗೆ ಐಸ್‌ಲೆಂಡಿನ ಪರವಾಗಿ ಒಟ್ಟು 89 ಪಂದ್ಯಗಳನ್ನು ಆಡಿ ಐದು ಗೋಲುಗಳನ್ನು ಗಳಿಸಿದರು.

ಐಸ್‌ಲೆಂಡ್ 2016ರ ಯೂರೋಪಿಯನ್ ಪಂದ್ಯಾವಳಿಯಲ್ಲಿ ಇಂಗ್ಲೆಂಡನ್ನೇ 2–1 ಗೋಲುಗಳಿಂದ ಮಣಿಸಿತು. 2018ರಲ್ಲಿ ವಿಶ್ವಕಪ್ಪಿನಲ್ಲಿಯೂ ಆಡಿತು. ಆ ವೈಭವದ ದಿನಗಳು ಬರುವ ಹೊತ್ತಿಗೆ ಹೆರ್ಮನ್ ನಿವೃತ್ತರಾಗಿದ್ದರು. ಬೀಜ ಬಿತ್ತಿದವರೆಲ್ಲರೂ ಹಣ್ಣು ತಿನ್ನುವುದಿಲ್ಲವಷ್ಟೆ.

ಮುಂದೆ ಅವರು ತರಬೇತುದಾರರಾದರು. 2013ರಲ್ಲಿ ತಮ್ಮ ಹಳೆಯ ಐ.ಬಿ.ವಿ. ತಂಡದ ಹೊಣೆ ಹೊತ್ತಾಗ, ಗೆಳೆಯ ಡೇವಿಡ್ ಜೇಮ್ಸ್ ಅವರನ್ನು ಆ ದ್ವೀಪಕ್ಕೆ ಕರೆಸಿಕೊಂಡರು. 2018ರಲ್ಲಿ ಜೇಮ್ಸ್ ಕೊಚ್ಚಿಯ ಕೇರಳ ಬ್ಲಾಸ್ಟರ್ಸ್ ತಂಡದ ಮುಖ್ಯ ತರಬೇತುದಾರರಾಗಿ ಬಂದಾಗ, ಅವರ ಸಹಾಯಕರಾಗಿ ಬಂದವರು ಹೆರ್ಮನ್. ಬೆಂಗಳೂರಿನ ತಂಡವೂ ಆಡುತ್ತಿದ್ದ ಆ ಲೀಗಿನ ಮೂಲಕ ಹಿಮದ ನಾಡಿನ ಈ ಕಾವಲುಗಾರ ದಕ್ಷಿಣ ಭಾರತದ ಸೆಕೆಯನ್ನೂ ಕಂಡರು. ಮತ್ತೆ ಐ.ಬಿ.ವಿ.ಗೆ ಮರಳಿದ ಅವರ ಕೈಕೆಳಗೆ ಆ ತಂಡ 2023ರಲ್ಲಿ ಕೆಳದರ್ಜೆಗೆ ಇಳಿಯಿತು. 2024ರಲ್ಲಿ ತನ್ನ ದರ್ಜೆಯ ಮೊದಲ ಸ್ಥಾನ ಪಡೆದು ಪುನಃ ಮೇಲೇರಿತು.

ಪದಕಗಳ ಎಣಿಕೆಯಿಂದಲೇ ಮನುಷ್ಯನನ್ನು ಅಳೆಯುವುದಾದರೆ ಹೆರ್ಮನ್ನರಿಗಿಂತ ದೊಡ್ಡವರು ಬಹಳ ಜನರಿದ್ದಾರೆ. ಆದರೆ ಗೆಲುವು ಎಂಬುದು ಒಬ್ಬನ ಕೈಯಲ್ಲಿರುವುದಲ್ಲ. ತನ್ನ ಸ್ಥಾನವನ್ನು ಬಿಟ್ಟು ಕದಲದಿರುವುದು ಮಾತ್ರ ಅವನ ಕೈಯಲ್ಲಿದೆ. ಬಿದ್ದ ಪ್ರತಿ ಬಾರಿಯೂ ಎದ್ದು, ಮರುದಿನ ಮತ್ತೆ ಅದೇ ಎಡಬದಿಯಲ್ಲಿ ನಿಂತವರ ಬಾಳಿನಲ್ಲಿ ಕಲಿಯಬೇಕಾದುದು ಅದೇ.